ಆಪಲ್‌ನ ಇಂಟೆಲ್ ವಲಸೆ: ತಪ್ಪು ವಿಳಾಸಕ್ಕೆ ಹೋದ ಹೊಗಳಿಕೆ

ಕಂಪ್ಯೂಟರ್ ಕಂಪನಿಯೊಂದು ಪ್ರೊಸೆಸರ್ ಪೂರೈಕೆದಾರರನ್ನು ಬದಲಿಸಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ, ಆಪಲ್ 2005ರಲ್ಲಿ ಪವರ್‌ಪಿಸಿ ಬಿಟ್ಟು ಇಂಟೆಲ್ ಹಿಡಿದ ಪ್ರಸಂಗವನ್ನು ಮಾದರಿಯೆಂದು ಮುಂದಿಡುವುದು ವಾಡಿಕೆ. ಸ್ಟೀವ್ ಜಾಬ್ಸ್‌ರ ದೂರದೃಷ್ಟಿ, ಇಂಟೆಲ್ ಚಿಪ್‌ನ ಕಸುವು ಎಂದು ಹೊಗಳಿಕೆಯೆಲ್ಲ ಇವೆರಡಕ್ಕೇ ಹಂಚಿಹೋಗುತ್ತದೆ. ನಿರ್ಧಾರ ಸರಿಯಾಗಿಯೇ ಇತ್ತು. ಹೊಗಳಿಕೆಯ ವಿಳಾಸ ಮಾತ್ರ ತಪ್ಪು.

ಹಿನ್ನೆಲೆ ಗೊತ್ತಿರುವಂಥದ್ದೇ. ವರ್ಷದೊಳಗೆ 3 ಗಿಗಾಹರ್ಟ್ಸ್‌ನ ಪವರ್‌ಪಿಸಿ ಚಿಪ್ ಜಿ5 ಕೊಡುತ್ತೇವೆಂದು 2003ರಲ್ಲಿ ಜಾಬ್ಸ್ ಮಾತು ಕೊಟ್ಟಿದ್ದರು. ಎರಡು ವರ್ಷವಾದರೂ ಅದು 2.7 ದಾಟಲಿಲ್ಲ, ಜಿ5 ಲ್ಯಾಪ್‌ಟಾಪಂತೂ ಬರಲೇ ಇಲ್ಲ.

2005ರ ಜೂನ್ 6ರಂದು ಇಂಟೆಲ್‌ಗೆ ಹೋಗುವ ಘೋಷಣೆ ಮಾಡುತ್ತ ಜಾಬ್ಸ್ ವೇದಿಕೆಯಲ್ಲಿ ಎರಡು ಅಂಕಿ ತೋರಿಸಿದರು: ಪ್ರತಿ ವ್ಯಾಟ್‌ಗೆ ಪವರ್‌ಪಿಸಿಯಿಂದ 15 ಯೂನಿಟ್ ಕೆಲಸ, ಇಂಟೆಲ್‌ನಿಂದ 70. ಯೂನಿಟ್ ಎಂದರೆ ಏನು, ಅಳೆದದ್ದು ಹೇಗೆ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಆ 70 ಕೂಡ ಮರುವರ್ಷ ಬರಬೇಕಿದ್ದ ಚಿಪ್‌ಗಳ ಲೆಕ್ಕ. ಅಂದು ಪ್ರದರ್ಶನಕ್ಕೆ ಬಳಸಿದ ಯಂತ್ರದೊಳಗಿದ್ದುದು ಕಾವಿಗೇ ಹೆಸರಾಗಿದ್ದ ಇಂಟೆಲ್‌ನ ಪೆಂಟಿಯಮ್ 4!

ಇನ್ನೊಂದು ಕಡೆ ಇಂಟೆಲ್‌ನ ಎದುರಾಳಿ ಎಎಂಡಿಯ ಪಕ್ಷಪಾತಿಗಳಿದ್ದಾರೆ. ಆಗ ಅದರ ಆಪ್ಟೆರಾನ್, ಅಥ್ಲಾನ್ 64 ಚಿಪ್‌ಗಳು ಪೆಂಟಿಯಮ್ 4ಕ್ಕೆ ನೀರು ಕುಡಿಸುತ್ತಿದ್ದುದು ನಿಜ. ಆದರೆ ಆಪಲ್‌ಗೆ ನೋವಿದ್ದದ್ದು ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿ ಇಸ್ರೇಲಿನ ಹೈಫಾದಲ್ಲಿ ರೂಪುಗೊಂಡ ಇಂಟೆಲ್‌ನ ಪೆಂಟಿಯಮ್ ಎಂ ವಂಶಕ್ಕೆ ಸಾಟಿ ಇರಲಿಲ್ಲ. 2006ರ ನಡುವೆ ಇಂಟೆಲ್‌ನ ಕೋರ್ 2 ಬಂದ ಮೇಲೆ ಡೆಸ್ಕ್‌ಟಾಪ್‌ನ ಅಂಕಪಟ್ಟಿಯೂ ತಲೆಕೆಳಗಾಯಿತು. ಅದಿರಲಿ, ಇಂಟೆಲ್ ಭಕ್ತರೂ ಎಎಂಡಿ ಭಕ್ತರೂ ಜಗಳವಾಡುವುದು ಚಿಪ್ ಯಾವುದೆಂಬ ಒಂದೇ ಪ್ರಶ್ನೆಗೆ. ಹಳೆಯ ಸಾಫ್ಟ್‌ವೇರ್‌ನ ಗತಿಯೇನೆಂದು ಇಬ್ಬರೂ ಕೇಳುವುದಿಲ್ಲ.

ಅದನ್ನು ಕೇಳಿದ್ದು ಆಪಲ್‌ನ ರೊಸೆಟಾ ಎಂಬ ಸಾಫ್ಟ್‌ವೇರ್. ಪವರ್‌ಪಿಸಿಗೆಂದು ಬರೆದ ಪ್ರೋಗ್ರಾಮನ್ನು ಓಡುತ್ತಿರುವಾಗಲೇ ಇಂಟೆಲ್‌ನ ಆದೇಶಗಳಿಗೆ ಅದು ಪರಿವರ್ತಿಸುತ್ತಿತ್ತು. ಕಷ್ಟ ಎಷ್ಟೆಂಬುದಕ್ಕೆ ಒಂದು ಸಣ್ಣ ಉದಾಹರಣೆ ಸಾಕು. ನಾಲ್ಕು ಬೈಟ್‌ಗಳಲ್ಲಿ 1 ಎಂಬ ಸಂಖ್ಯೆಯನ್ನು ಮ್ಯಾಕ್‌ನ ಪವರ್‌ಪಿಸಿ 00 00 00 01 ಎಂದು ಇಡುತ್ತದೆ, ಇಂಟೆಲ್ 01 00 00 00 ಎಂದು. ಒಂದರದ್ದನ್ನು ಇನ್ನೊಂದು ಹಾಗೇ ಓದಿದರೆ 1 ಹೋಗಿ 1,67,77,216 ಆಗುತ್ತದೆ. ಮೆಮೊರಿಯಿಂದ ಓದುವಾಗ, ಅಲ್ಲಿಗೆ ಬರೆಯುವಾಗ ಈ ತಿರುವುಮುರುವನ್ನು ಸರಿಪಡಿಸುತ್ತಲೇ ಇರಬೇಕು. ಸಾಲದ್ದಕ್ಕೆ, ಪವರ್‌ಪಿಸಿಯ 32 ಸಾಮಾನ್ಯ ರಿಜಿಸ್ಟರ್‌ಗಳ (ಚಿಪ್‌ನೊಳಗಿನ ಪುಟ್ಟ ಸಂಗ್ರಹಗಳ) ಸಂಸಾರವನ್ನು ಇಂಟೆಲ್‌ನ 8ರಲ್ಲಿ ಸುಧಾರಿಸಬೇಕು. ಬಳಕೆದಾರನಿಗೆ ಇದಾವುದರ ಸುಳಿವೂ ಇಲ್ಲ. ಐಕಾನ್ ಒತ್ತಿದರೆ ಪ್ರೋಗ್ರಾಮ್ ತೆರೆಯುತ್ತಿತ್ತು. ಫೋಟೋಶಾಪ್ 2007ರವರೆಗೆ, ಮೈಕ್ರೋಸಾಫ್ಟ್ ಆಫೀಸ್ 2008ರವರೆಗೆ ಹೊಸ ಮ್ಯಾಕ್‌ಗಳಲ್ಲಿ ಬದುಕಿದ್ದು ಹೀಗೆ. ನಿಧಾನ, ಹೌದು. ಆದರೆ ಅಂಗಡಿ ಮುಚ್ಚಲಿಲ್ಲ.

ಇದರ ಹಿಂದೆ ಇನ್ನೂ ಹಳೆಯ ಸಿದ್ಧತೆಯಿತ್ತು. ಮ್ಯಾಕ್ ಓಎಸ್ ಟೆನ್‌ನ ಮೂಲವಾದ ನೆಕ್ಸ್ಟ್‌ಸ್ಟೆಪ್ 1993ರಲ್ಲೇ ಇಂಟೆಲ್ ಮೇಲೆ ಓಡಿತ್ತು. ಐದು ವರ್ಷಗಳಿಂದ ಪ್ರತಿ ಆವೃತ್ತಿಯನ್ನೂ ಗುಟ್ಟಾಗಿ ಇಂಟೆಲ್‌ಗೂ ಸಿದ್ಧಪಡಿಸುತ್ತ ಬಂದಿದ್ದೇವೆಂದು ಜಾಬ್ಸ್ ಅದೇ ಭಾಷಣದಲ್ಲಿ ಒಪ್ಪಿಕೊಂಡರು. ಆ ಮಾತಿನ ತೂಕ 15, 70 ಎಂಬ ಅಂಕಿಗಳಿಗಿಲ್ಲ. 2006ರ ಜನವರಿಯಲ್ಲಿ ಶುರುವಾದ ಬದಲಾವಣೆ ಆಗಸ್ಟ್‌ನ ಮ್ಯಾಕ್ ಪ್ರೊ ಹೊತ್ತಿಗೆ ಮುಗಿದದ್ದು ಈ ಪೂರ್ವತಯಾರಿಯ ಬಲದಿಂದ.

ಹಾಗೆಂದು ಲೆಕ್ಕ ಪೂರ್ತಿ ಚೊಕ್ಕವಲ್ಲ. ಇಂಟೆಲ್ ಘೋಷಣೆಯಾದ ನಾಲ್ಕು ತಿಂಗಳಿಗೆ, 2005ರ ಅಕ್ಟೋಬರ್‌ನಲ್ಲಿ, ಆಪಲ್ ನಾಲ್ಕು ಕೋರ್‌ಗಳ ದುಬಾರಿ ಪವರ್ ಮ್ಯಾಕ್ ಜಿ5 ಮಾರಾಟಕ್ಕಿಟ್ಟಿತು. 2009ರ ಮ್ಯಾಕ್ ಓಎಸ್ ಆವೃತ್ತಿಯಾದ ಸ್ನೋ ಲೆಪರ್ಡ್ ಅದರಲ್ಲಿ ಓಡಲಿಲ್ಲ. 2011ರ ಆವೃತ್ತಿಯಾದ ಲಯನ್‌ನಲ್ಲಿ ರೊಸೆಟಾವನ್ನೂ ತೆಗೆದುಹಾಕಿದರು. ಹಳೆಯ ಪ್ರೋಗ್ರಾಮ್ ನೆಚ್ಚಿಕೊಂಡಿದ್ದವರಿಗೆ ಓಎಸ್ ಅಪ್‌ಡೇಟ್ ಬಿಡಬೇಕು, ಇಲ್ಲವೇ ಆ ಪ್ರೋಗ್ರಾಮನ್ನೇ ಬಿಡಬೇಕು ಎಂಬ ಸ್ಥಿತಿ. ಆದರೂ ಹಳೆಯ ಸಾಫ್ಟ್‌ವೇರ್‌ನ ಪಾಠವನ್ನು ಆಪಲ್ ಮರೆಯಲಿಲ್ಲ. 2020ರಲ್ಲಿ ಇಂಟೆಲ್ ಬಿಟ್ಟು ಸ್ವಂತ ಎಂ1 ಚಿಪ್‌ಗೆ ಹೊರಳಿದಾಗ ಆಪಲ್ ರೊಸೆಟಾ 2 ತಂದಿತಷ್ಟೇ ಅಲ್ಲ, ಮೆಮೊರಿ ವ್ಯವಹಾರವನ್ನು ಇಂಟೆಲ್ ಪಾಲಿಸುವ ಕ್ರಮದಲ್ಲೇ ನಡೆಸುವ ಸೌಲಭ್ಯವನ್ನು ಚಿಪ್‌ನೊಳಗೇ ಕೂರಿಸಿತು. ಆಗಲೂ ವಿಮರ್ಶಕರ ಪುಟ ತುಂಬಿದ್ದು ವೇಗದ ಪಟ್ಟಿಗಳಿಂದಲೇ.