ಆರ್‌ಸಿ ಎಂಬ ಎರಡಕ್ಷರ

ಇನ್‌ಸ್ಟಾಲ್ ಆಗಲೊಲ್ಲದ ಸಾಫ್ಟ್‌ವೇರ್ ಎದುರು ಕೂತವರು ಮಾಡುವ ಕೆಲಸ ಒಂದೇ. ತೆಗೆದುಹಾಕುವುದು, ಮತ್ತೆ ಹಾಕುವುದು. ಅದೇ ಎರರ್ ಬಂದರೆ ಇನ್ನೊಂದು ಸುತ್ತು. ಪುಣೆಯ ಎಷ್ಟೋ ಕನ್ನಡದ ಮನೆಗಳಲ್ಲಿ ಮಕ್ಕಳು ಹಿಂಜವಡಿಯಲ್ಲೋ ಮಗರಪಟ್ಟಾದಲ್ಲೋ ಸಾಫ್ಟ್‌ವೇರ್ ಕೆಲಸದಲ್ಲಿದ್ದರೂ ಅಪ್ಪನ ಹಳೆಯ ಲ್ಯಾಪ್‌ಟಾಪ್ ಮಾತ್ರ ಈ ಸುತ್ತಿನಿಂದ ಹೊರಬಂದಿರುವುದಿಲ್ಲ. ಬೈಗುಳವೆಲ್ಲ ಹೊಸ ಸಾಫ್ಟ್‌ವೇರಿಗೆ. ತೊಡಕು ಇರುವುದು ಹಳೆಯದು ಬಿಟ್ಟುಹೋದ ಸೆಟ್ಟಿಂಗ್ ಫೈಲಿನಲ್ಲಿ.

ಲಿನಕ್ಸ್ ಬಗೆಗಳಾದ ಡೆಬಿಯನ್ ಅಥವಾ ಅದರಿಂದ ಬಂದ ಉಬುಂಟು ಬಳಸುವವರು ಟರ್ಮಿನಲ್ ತೆರೆದು ಡಿಪಿಕೆಜಿ ಎಂದು ಬರೆದು, ಜಾಗ ಬಿಟ್ಟು, ಹೈಫನ್ ಮತ್ತು ಸಣ್ಣ ಎಲ್ ಒತ್ತಿ ನೋಡಿ. ಪ್ಯಾಕೇಜುಗಳ ಪಟ್ಟಿ ಸಾಲಾಗಿ ಇಳಿಯುತ್ತದೆ. ಪ್ರತಿ ಸಾಲಿನ ತಲೆಯಲ್ಲೂ ಎರಡಕ್ಷರ. ಐಐ ಎಂದಿದ್ದರೆ ಪ್ಯಾಕೇಜು ಸರಿಯಾಗಿ ಕೂತಿದೆ. ಆರ್‌ಸಿ ಎಂದಿದ್ದರೆ ಪ್ಯಾಕೇಜು ಹೋಗಿದೆ, ಅದರ ಕಾನ್ಫಿಗ್ ಫೈಲು ಉಳಿದಿದೆ. ವರ್ಷಗಟ್ಟಲೆ ಬಳಸಿದ ಯಂತ್ರದಲ್ಲಿ ಈ ಆರ್‌ಸಿ ಸಾಲುಗಳನ್ನು ಓದುವುದು ನನಗೆ ಬಲು ಇಷ್ಟ. ಯಾವತ್ತೋ ಆಸೆಪಟ್ಟು ಹಾಕಿದ ವೆಬ್ ಸರ್ವರ್, ಪ್ರಿಂಟರ್ ಬದಲಾದಾಗ ತೆಗೆದ ಡ್ರೈವರ್, ಎಲ್ಲವೂ ಅಲ್ಲಿ ಹೆಸರು ಸಮೇತ ಸಿಗುತ್ತವೆ.

ಇದನ್ನು ಕಸ ಎನ್ನುವವರ ಜತೆ ನನಗೆ ತಕರಾರಿದೆ. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಡೆಬಿಯನ್‌ಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ಕಾನ್ಫಿಗ್ ಫೈಲಿನಲ್ಲಿ ಬಳಕೆದಾರರು ಕೈಯಾರೆ ಮಾಡಿದ ಬದಲಾವಣೆಯನ್ನು ಪ್ಯಾಕೇಜು ತಾನಾಗಿ ಅಳಿಸಕೂಡದು. ಅದಕ್ಕೇ ರಿಮೂವ್ ಎಂದರೆ ಪ್ರೋಗ್ರಾಂ ಮಾತ್ರ ಹೋಗುತ್ತದೆ. ಇಟಿಸಿ ಫೋಲ್ಡರಿನಲ್ಲಿರುವ ಸೆಟ್ಟಿಂಗೂ ಹೋಗಬೇಕಾದರೆ ಪರ್ಜ್ ಎನ್ನಬೇಕು. ನೀವು ಕೂತು ತಿದ್ದಿದ ಫೈಲನ್ನು ನಿಮ್ಮ ಮಾತಿಲ್ಲದೆ ಮುಟ್ಟುವುದಿಲ್ಲ ಎಂಬ ಈ ಮರ್ಯಾದೆ ನನಗೆ ದೊಡ್ಡದಾಗಿ ಕಾಣುತ್ತದೆ.

ಈ ಮರ್ಯಾದೆ ಎಷ್ಟು ದೂರ ಹೋಗುತ್ತದೆ ನೋಡಿ. ಸಿಟ್ಟಿನಲ್ಲಿ ಒಬ್ಬರು ಇಟಿಸಿಯೊಳಗಿನ ಫೋಲ್ಡರನ್ನೇ ಡಿಲೀಟ್ ಮಾಡಿ ಪ್ಯಾಕೇಜನ್ನು ಮತ್ತೆ ಹಾಕುತ್ತಾರೆ ಎನ್ನಿ. ಫೈಲು ವಾಪಸ್ ಬರುವುದಿಲ್ಲ! ಅಳಿಸಿದ್ದೂ ಬಳಕೆದಾರರ ಒಂದು ತೀರ್ಮಾನವೇ ಎಂದು ಡಿಪಿಕೆಜಿ ಅದನ್ನೂ ಪಾಲಿಸುತ್ತದೆ. ಪ್ರೋಗ್ರಾಂ ಕೂತಿರುತ್ತದೆ, ಓದಲು ಕಾನ್ಫಿಗ್ ಇಲ್ಲ, ಶುರುವಾಗುವುದಿಲ್ಲ. ಹೊಸಬರು ಅತಿ ಹೆಚ್ಚು ಗೋಳಾಡುವುದು ಇಲ್ಲೇ. ಮದ್ದು ಸರಳ: ಪರ್ಜ್ ಮಾಡಿ ಆಮೇಲೆ ಹಾಕಿ. ಪರ್ಜ್ ಬೇಡವೆಂದರೆ ಫೋರ್ಸ್ ಕಾನ್ಫ್‌ಮಿಸ್ ಎಂಬ ಆಯ್ಕೆ ಕೊಟ್ಟರೆ ಇಲ್ಲದ ಫೈಲನ್ನು ಅದು ಮರಳಿ ಇಡುತ್ತದೆ.

ಡೇಟಾಬೇಸ್ ವಿಷಯಕ್ಕೆ ಬಂದರೆ ಮಾತ್ರ ಕೈ ನಿಧಾನವಾಗಲಿ. ಮರಿಯಾಡಿಬಿ ಇದ್ದ ಉಬುಂಟುವಿನಲ್ಲಿ ಅದನ್ನು ತೆಗೆದು ಮೈಎಸ್‌ಕ್ಯೂಎಲ್ ಹಾಕಲು ಹೊರಟರೆ, ಹಿಂದಿನದರ ಡೇಟಾ ಫೋಲ್ಡರ್ ಕಣ್ಣಿಗೆ ಬಿದ್ದಾಗ ಹೊಸ ಪ್ಯಾಕೇಜು ಇಟಿಸಿ ಮೈಎಸ್‌ಕ್ಯೂಎಲ್ ಫೋಲ್ಡರಿನಲ್ಲಿ ಫ್ರೋಜನ್ ಎಂಬ ಹೆಸರಿನ ಫೈಲನ್ನಿಟ್ಟು ಕೆಲಸ ನಿಲ್ಲಿಸಬಹುದು. ಅದು ತೊಂದರೆಯಲ್ಲ, ಎಚ್ಚರಿಕೆ. ಆ ಫೈಲು ತೆರೆದು ಓದಿ, ಏನು ಮಾಡಬೇಕೆಂದು ಅದರಲ್ಲೇ ಬರೆದಿದೆ. ಅಲ್ಲಿ ಅವಸರಕ್ಕೆ ಪರ್ಜ್ ಹೊಡೆದರೆ ಡೇಟಾಬೇಸುಗಳನ್ನೂ ಅಳಿಸಲೇ ಎಂಬ ಪ್ರಶ್ನೆ ಬರುತ್ತದೆ. ಹೂಂ ಎಂದವರ ಲೆಕ್ಕಪತ್ರ ಮತ್ತೆ ಸಿಗುವುದಿಲ್ಲ.

ಪರ್ಜ್ ಕೂಡ ಮುಟ್ಟದ ಜಾಗ ಒಂದಿದೆ, ನಿಮ್ಮ ಸ್ವಂತ ಹೋಮ್ ಫೋಲ್ಡರ್. ಅಲ್ಲಿನ ಸೆಟ್ಟಿಂಗ್ ಫೈಲುಗಳ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಹಾಗಾಗಿ ಕಾಣುವುದಿಲ್ಲ. (ಯುನಿಕ್ಸ್‌ನಲ್ಲಿ ಈ ಮರೆ ಯಾರೂ ಯೋಜಿಸಿ ತಂದದ್ದಲ್ಲ, ಎಲ್‌ಎಸ್ ಕಮಾಂಡು ಬರೆಯುವಾಗ ಹಿಡಿದ ಒಂದು ಅಡ್ಡದಾರಿಯ ಫಲ ಎಂದು ಪ್ರೋಗ್ರಾಮರ್ ರಾಬ್ ಪೈಕ್ 2012ರಲ್ಲಿ ಬರೆದಿದ್ದಾರೆ.) ಕನ್ನಡ ಬರೆಯುವವರಿಗೆ ಕಾಟ ಬರುವುದು ಇಲ್ಲಿಂದಲೇ. ಇನ್ನೊಂದು ಲಿನಕ್ಸ್ ಬಗೆಯಾದ ಫೆಡೋರಾದಲ್ಲಿ, 2009ರ 11ನೇ ಆವೃತ್ತಿಗೆ, ಭಾರತೀಯ ಭಾಷೆಗಳ ಟೈಪಿಂಗಿಗಿದ್ದ ಸ್ಕಿಮ್ ಹೋಗಿ ಐಬಸ್ ಬಂತು. ಆದರೆ ಹಳೆಯ ಹೋಮ್ ಫೋಲ್ಡರನ್ನು ಹೊಸ ಯಂತ್ರಕ್ಕೆ ಹಾಗೇ ಹೊತ್ತು ತಂದವರ ಎಕ್ಸ್‌ಇನ್‌ಪುಟ್‌ಆರ್‌ಸಿ ಫೈಲು ಇನ್ನೂ ಸ್ಕಿಮ್ಮನ್ನೇ ಕರೆಯುತ್ತಿರುತ್ತದೆ. ಐಬಸ್ ಹಾಕಿ ಕಗಪ ಕೀಲಿಮಣೆ ಆರಿಸಿದರೂ ಒಂದು ಕನ್ನಡ ಅಕ್ಷರ ಮೂಡುವುದಿಲ್ಲ.

ಫಾಂಟಿನ ಕಥೆಯೂ ಅದೇ. ಲೋಹಿತ್ ಕನ್ನಡ ಫಾಂಟನ್ನು ನಾನು ಪುಣೆಯ ಮಗು ಎಂದೇ ಹೇಳುತ್ತೇನೆ. ರೆಡ್ ಹ್ಯಾಟ್ ಬಿಡುಗಡೆ ಮಾಡಿದ ಲೋಹಿತ್ ಫಾಂಟುಗಳನ್ನು ಕೊಟ್ಟದ್ದು ಇಲ್ಲಿನ ಮಾಡ್ಯುಲರ್ ಇನ್ಫೋಟೆಕ್, ಶ್ರೀಲಿಪಿ ಮಾಡಿದ ಕಂಪನಿ. 2011ರಲ್ಲಿ ಅವು ಓಪನ್ ಫಾಂಟ್ ಲೈಸೆನ್ಸಿಗೆ ಬಂದವು. ಇಂಥ ಫಾಂಟನ್ನು ಹಾಕಿದ ಮೇಲೂ ಪರದೆಯ ಮೇಲೆ ಹಳೆಯ ಅಕ್ಷರವೇ ಕಂಡರೆ, ಕನ್ನಡಕ್ಕೆ ಕೇದಗೆ ಫಾಂಟೇ ಇರಲಿ ಎಂದು ಎಂದೋ ಬರೆದಿಟ್ಟ ಫಾಂಟ್ಸ್ ಕಾನ್ಫ್ ಹೋಮ್ ಫೋಲ್ಡರಿನಲ್ಲಿದೆಯೇ ಎಂದು ಮೊದಲು ನೋಡಿ.

ಸಿಕ್ಕಿದ ಫೈಲನ್ನು ಅಳಿಸಬೇಡಿ, ಹೆಸರು ಬದಲಿಸಿ. ಕೊನೆಗೆ ಹಳೆ ಎಂದು ಸೇರಿಸಿದರೂ ಸಾಕು. ಪ್ರೋಗ್ರಾಂ ಆಗ ಹೊಸ ಫೈಲು ಮಾಡಿಕೊಂಡು ಎದ್ದರೆ ರೋಗ ಗೊತ್ತಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಬೇಕಾದ ಸಾಲುಗಳನ್ನಷ್ಟೇ ಹೊಸದಕ್ಕೆ ತನ್ನಿ. ಏಳದಿದ್ದರೆ ಹಳೆಯ ಹೆಸರು ವಾಪಸ್ ಕೊಟ್ಟು ಬೇರೆ ಕಡೆ ಹುಡುಕಿ. ಎರರ್ ಓದುವಾಗಲೂ ಕೊನೆಯ ಸಾಲಿಗೆ ಜೋತುಬೀಳಬೇಡಿ. ಸಬ್‌ಪ್ರೋಸೆಸ್ ಫೇಲಾಯಿತು ಎಂಬ ಆ ಸಾಲು ಏನನ್ನೂ ಹೇಳುವುದಿಲ್ಲ. ಮೇಲೆ ಹೋಗುತ್ತಾ ಹೋಗಿ, ಯಾವುದಾದರೂ ಫೈಲಿನ ಹೆಸರೂ ಸಾಲಿನ ನಂಬರೂ ಮೊದಲು ಕಾಣುವ ಜಾಗದಲ್ಲಿ ನಿಲ್ಲಿ.

ಫೆಡೋರಾದವರು ಇಟಿಸಿಯಲ್ಲಿ ಆರ್‌ಪಿಎಂಸೇವ್, ಆರ್‌ಪಿಎಂನ್ಯೂ ಎಂದು ಕೊನೆಯಾಗುವ ಹೆಸರು ಹುಡುಕಲಿ. ಮೊದಲನೆಯದರಲ್ಲಿ ನೀವು ತಿದ್ದಿದ ಹಳೆಯ ಪ್ರತಿ ಇರುತ್ತದೆ, ಎರಡನೆಯದರಲ್ಲಿ ಪ್ಯಾಕೇಜಿನ ಹೊಸ ಪ್ರತಿ. ಡೆಬಿಯನ್ ಬಳಗದವರಿಗೆ ಈ ಪ್ರಶ್ನೆ ಅಪ್‌ಗ್ರೇಡ್ ನಡುವೆಯೇ ಎದುರಾಗುತ್ತದೆ: ನಿಮ್ಮ ಫೈಲು ಇರಲೋ, ಹೊಸದು ಬರಲೋ? ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದು ಉಳಿಯುತ್ತದೆ. ಒತ್ತುವ ಮುನ್ನ ಒಮ್ಮೆ ಡಿ ಒತ್ತಿ. ಮೈನಸ್ ಗುರುತಿನ ಸಾಲುಗಳು ನಿಮ್ಮ ಫೈಲಿನವು, ಪ್ಲಸ್ ಗುರುತಿನವು ಹೊಸದರವು. ಓದಿ ಮುಗಿಸಿದ ಮೇಲೆ ಅದೇ ಪ್ರಶ್ನೆ ಮತ್ತೆ ಬರುತ್ತದೆ, ಅವಸರವೇನಿಲ್ಲ.