ಹೊರನಾಡಿನ ಕಣ್ಣು, ತಾಯ್ನಾಡಿನ ಬಡವ: ಚಿನ್ನದ ಗಣಿಯ ಊರಿನಲ್ಲಿ ‘ಭಾರತೀಪುರ’ದ ಓದು

ರೋಮ್, ಲೂವೆನ್ ಮೊದಲಾದೆಡೆ ಓದಿ ಹಿಂದಿರುಗುವ ನಮ್ಮ ಗುರುಗಳ ಪ್ರಬೋಧನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ದೂರ ಹೋದ ಮೇಲೆಯೇ ನಮ್ಮ ಊರಿನ ಬಡತನ ಕಣ್ಣಿಗೆ ಬಿತ್ತು ಎಂದು. ಮಾತು ಸುಳ್ಳಲ್ಲ. ಆದರೆ ದೈವಶಾಸ್ತ್ರಕ್ಕೆ ಅಷ್ಟು ಸಾಲದು. ಹಾಗೆ ಕಣ್ಣಿಗೆ ಬಿದ್ದವರು ಯಾರು, ಕಂಡವನು ಮುಂದೆ ಅವರನ್ನು ಹೇಗೆ ನಡೆಸಿಕೊಂಡ ಎಂಬುದನ್ನೂ ಕೇಳಬೇಕಾಗುತ್ತದೆ. ಈ ಪ್ರಶ್ನೆಯನ್ನು ನಮ್ಮ ಪಠ್ಯಗಳಿಗಿಂತ ನಿಷ್ಠುರವಾಗಿ ಎತ್ತಿದ ಕೃತಿ ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ (1973).

ಅನಂತಮೂರ್ತಿಯವರಿಗೆ ದೂರದ ಮಹಿಮೆ ಗೊತ್ತಿತ್ತು. ‘ಸಂಸ್ಕಾರ’ವನ್ನು ಅವರು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಗುರು ಮಾಲ್ಕಮ್ ಬ್ರಾಡ್‌ಬರಿಯವರೊಡನೆ ನೋಡಿದ ನಂತರ ಆ ಕೃತಿ ಹೊಮ್ಮಿತೆಂಬುದನ್ನು ಅವರೇ ಹೇಳಿಕೊಂಡಿದ್ದಾರೆ. ಮಧ್ಯಯುಗದ ಕ್ರೈಸ್ತ ಯೂರೋಪನ್ನು ಚಿತ್ರಿಸಿದ ಸಿನಿಮಾವೊಂದು ಮಲೆನಾಡಿನ ಅಗ್ರಹಾರವನ್ನು ಕಾಣಿಸಿತು! ಆದರೆ ‘ಭಾರತೀಪುರ’ದಲ್ಲಿ ಅದೇ ದೂರದ ಮೇಲೆ ಅವರಿಗೆ ಗುಮಾನಿ ಹುಟ್ಟಿದೆ. ಇಂಗ್ಲೆಂಡಿನಿಂದ ಮರಳಿದ ಜಮೀನ್ದಾರ ಬ್ರಾಹ್ಮಣ ಜಗನ್ನಾಥ ಮಂಜುನಾಥನ ದೇವಾಲಯಕ್ಕೆ ಹೊಲೆಯರನ್ನು ಪ್ರವೇಶ ಮಾಡಿಸಲು ನಿಶ್ಚಯಿಸುತ್ತಾನೆ. ತನ್ನ ಸಂಕಲ್ಪವನ್ನು ಇಂಗ್ಲೆಂಡಿನ ಮಾರ್ಗರೆಟ್‌ಳಿಗೆ ಪತ್ರಗಳಲ್ಲಿ ನಿವೇದಿಸುತ್ತಾನೆ. ಕ್ರಾಂತಿ ನಡೆಯಬೇಕಾದದ್ದು ಭಾರತೀಪುರದಲ್ಲಿ, ಅದರ ವರದಿ ಮಾತ್ರ ಇಂಗ್ಲೆಂಡಿಗೆ. (ನಮ್ಮ ಯೋಜನಾ ವರದಿಗಳು ಯಾವ ವಿಳಾಸಕ್ಕೆ ಹೋಗುತ್ತವೆಂದು ಓದುಗರು ನೆನೆಯಬಹುದು.)

ಕಾದಂಬರಿಯ ಎದೆಯಿರುವುದು ಸಾಲಿಗ್ರಾಮದ ಪ್ರಸಂಗದಲ್ಲಿ. ತಲೆತಲಾಂತರದಿಂದ ಮನೆಯಲ್ಲಿ ಪೂಜೆಗೊಂಡ ಶಿಲೆಯನ್ನು ಜಗನ್ನಾಥ ಹೊರತಂದು ಹೊಲೆಯರ ಮುಂದೆ ಹಿಡಿಯುತ್ತಾನೆ. ಚಿಕ್ಕಿ ಅಂಗಲಾಚುತ್ತಾಳೆ, ಹೊಲೆಯರು ಭಯದಿಂದ ಹಿಂಜರಿಯುತ್ತಾರೆ. ಮುಟ್ಟಿರೆಂದು ಅವನು ಮೊದಲು ಕೇಳುತ್ತಾನೆ, ಕಡೆಗೆ ಗದರುತ್ತಾನೆ. ಅವರು ಮುಟ್ಟುತ್ತಾರೆ, ಆದರೆ ಮುಟ್ಟಿದ್ದು ದಣಿಯ ಗದರಿಕೆಗೆ ಅಂಜಿ. ವಿಮೋಚನೆ ಆಜ್ಞೆಯ ರೂಪ ತಾಳಿದ ಆ ಗಳಿಗೆಯಲ್ಲಿ ಎದುರಿಗಿರುವವರು ಅವನ ಕಣ್ಣಿಗೆ ಮನುಷ್ಯರಾಗಿ ಉಳಿಯುವುದಿಲ್ಲ. ವಿಮೋಚನಾಕಾಂಡದ 2ನೆಯ ಅಧ್ಯಾಯ ಬಲ್ಲವರಿಗೆ ಇದು ಹೊಸತಲ್ಲ. ಅರಮನೆಯಲ್ಲಿ ಬೆಳೆದ ಮೋಶೆ ಹೊರಬಂದು ಸ್ವಜನರ ಬಿಟ್ಟಿದುಡಿಮೆಯನ್ನು ಕಂಡು ಐಗುಪ್ತದವನೊಬ್ಬನನ್ನು ಕೊಲ್ಲುತ್ತಾನೆ. ಮರುದಿನ ಅವರಲ್ಲೇ ಒಬ್ಬ, ಅವನನ್ನು ತಮ್ಮ ಮೇಲೆ ಅಧಿಕಾರಿಯಾಗಿ ನೇಮಿಸಿದವರಾರೆಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ಕೃತಘ್ನತೆಯೆಂದು ಬೋಧಿಸುವ ವಾಡಿಕೆ ನಮ್ಮಲ್ಲಿದೆ. ನನಗದು ನ್ಯಾಯವಾದ ಪ್ರಶ್ನೆಯೆಂದೇ ತೋರುತ್ತದೆ.

ಕೃತಿಯ ಮಿತಿಯೂ ಇಲ್ಲೇ ಇದೆ. ಜಗನ್ನಾಥನ ದೃಷ್ಟಿದೋಷವನ್ನು ಬಯಲಿಗಿಡುವ ಕಾದಂಬರಿ ಆ ದೃಷ್ಟಿಯಿಂದ ತಾನೂ ಪೂರ್ತಿ ಬಿಡಿಸಿಕೊಂಡಿಲ್ಲ. ಪಿಳ್ಳನನ್ನೂ ಅವನ ಸಂಗಡಿಗರನ್ನೂ ನಾವು ಹೊರಗಿನಿಂದಲೇ ಕಾಣುತ್ತೇವೆ. ಕೊನೆಗೆ ಪ್ರವೇಶವನ್ನು ನಿರರ್ಥಕಗೊಳಿಸುವವನು, ಗರ್ಭಗುಡಿಯ ಲಿಂಗವನ್ನೇ ಹೊಳೆಗೆಸೆಯುವ ಅರ್ಚಕರ ಮಗ. ಬಂಡಾಯವೂ ಮೇಲಿನವರ ಮನೆಯ ವ್ಯವಹಾರವಾಗಿ ಮುಗಿಯುತ್ತದೆ. ಸಾಕವ್ವನ ಬಾಯಿಂದ ಲೋಕ ಮಾತಾಡಲು ಕನ್ನಡ ಓದುಗ ದೇವನೂರ ಮಹಾದೇವರ ‘ಒಡಲಾಳ’ದವರೆಗೆ ಕಾಯಬೇಕಾಯಿತು.

ಈ ಕೃತಿಯನ್ನು ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಓದುವಾಗ ಇನ್ನೊಂದು ಸಂಗತಿ ಹೊಳೆಯುತ್ತದೆ. ಇಲ್ಲಿ ಹೊರದೇಶ ನಡೆದುಹೋಗುವಷ್ಟು ಹತ್ತಿರದಲ್ಲಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ನಂತರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳೊಡನೆ ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರೂ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗಿಂತ ಮೊದಲು ಈ ಗಣಿಗಳನ್ನು ಮುಟ್ಟಿತು. ಆ ಬಂಗಲೆಗಳ ಕಣ್ಣಳತೆಯಲ್ಲೇ, ಬಹುಪಾಲು ತಮಿಳು ಮತ್ತು ತೆಲುಗು ನುಡಿಯ ದಲಿತ ಕುಟುಂಬಗಳು ‘ಲೈನು’ಗಳ ಇಕ್ಕಟ್ಟಿನಲ್ಲಿ ಬದುಕಿದವು; ಗಂಡಸರು ಭೂಮಿಯಾಳದ ದೂಳನ್ನು ಶ್ವಾಸಕೋಶದಲ್ಲಿ ತುಂಬಿಕೊಂಡು ಮೇಲೆ ಬಂದರು. ಇಲ್ಲಿ ಅಂತರ ಕಣ್ಣು ತೆರೆಸಲಿಲ್ಲ, ಅಭ್ಯಾಸವಾಗಿ ಕಣ್ಣನ್ನು ಮುಚ್ಚಿಸಿತು. ಬೆರಳಚ್ಚು ನೀಡಬೇಕೆಂಬ ನಿಯಮದ ವಿರುದ್ಧ 1930ರಲ್ಲಿ ಗಣಿ ಕೆಲಸಗಾರರು ಮುಷ್ಕರ ಹೂಡಿದಾಗ, ತಾವು ಕಳ್ಳರಲ್ಲವೆಂಬ ಅರಿವನ್ನು ಅವರಿಗೆ ಯಾವ ಜಗನ್ನಾಥನೂ ತಂದುಕೊಟ್ಟಿರಲಿಲ್ಲ.

ಬೆಜವಾಡ ವಿಲ್ಸನ್ ಅವರ ದೃಷ್ಟಾಂತ ಇದಕ್ಕಿಂತ ಬೋಧಪ್ರದವಾದುದು. 1966ರಲ್ಲಿ ಈ ಊರಿನಲ್ಲೇ ಹುಟ್ಟಿದ ಅವರು ಓದಿಗಾಗಿ ಆಂಧ್ರದ ಹಾಸ್ಟೆಲಿನಲ್ಲಿ ಬೆಳೆದರು. ಮಲ ಬಾಚುವ ತಮ್ಮ ಕೆಲಸವನ್ನು ಮನೆಯವರು ಮಗನಿಂದ ಮುಚ್ಚಿಟ್ಟಿದ್ದರು. ಗುಂಡಿಗೆ ಬಿದ್ದ ಬಕೆಟ್ಟನ್ನೆತ್ತಲು ಕೆಲಸಗಾರನೊಬ್ಬ ಬರಿಗೈ ಇಳಿಸಿದ್ದನ್ನು ಕಂಡು ಅತ್ತುದನ್ನು ವಿಲ್ಸನ್ ಹೇಳಿದ್ದಾರೆ. ಟೌನ್‌ಶಿಪ್ಪಿನ ಒಣ ಪಾಯಿಖಾನೆಗಳ ವಿರುದ್ಧ ಆರಂಭವಾದ ಅವರ ಹೋರಾಟ ಸಫಾಯಿ ಕರ್ಮಚಾರಿ ಆಂದೋಲನವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2016ರಲ್ಲಿ ಮ್ಯಾಗ್ಸೆಸೆ ಪುರಸ್ಕಾರ ಬಂತು. ಇಲ್ಲಿಯೂ ದೂರವಿದೆ, ಹಿಂದಿರುಗುವಿಕೆಯಿದೆ. ಆದರೆ ಅವರು ಕಂಡದ್ದು ತಮ್ಮ ತಂದೆತಾಯಿಯ ಕೈಗಳನ್ನು. ಜಗನ್ನಾಥನಿಗೆ ಇಲ್ಲದ್ದು ಈ ಸಂಬಂಧ. ಎಷ್ಟು ಸಾವಿರ ಮೈಲಿ ಪ್ರಯಾಣ ಮಾಡಿದರೂ ಅದು ದೊರಕುವುದಿಲ್ಲ.

ಹಾಗಾದರೆ ಆ ಕುಲದಲ್ಲಿ ಹುಟ್ಟದ ಗುರು ಸುಮ್ಮನಿರಬೇಕೆ? 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದಲಿತ ದೈವಶಾಸ್ತ್ರಕ್ಕೆ ತಳಹದಿ ಹಾಕಿದ ಅರವಿಂದ ಪಿ. ನಿರ್ಮಲ್, ದಲಿತರ ನೋವನ್ನೇ ಅರಿವಿನ ಮೂಲವಾಗಿಸಿ ಉಳಿದವರಿಗೆ ಗಡಿ ಗುರುತಿಸಿದರು. ಆ ಗಡಿಯನ್ನು ಗೌರವಿಸಬೇಕು. ಗಡಿಯ ಈಚೆ ಮಾಡಬೇಕಾದ ಕೆಲಸವನ್ನು ನೆಹೆಮೀಯನ ಗ್ರಂಥ ತೋರಿಸುತ್ತದೆ. ಶೂಷನ್ ಅರಮನೆಯಲ್ಲಿ ರಾಜನ ಪಾನದಾಯಕನಾಗಿದ್ದ ಅವನು ಸುದ್ದಿ ಕೇಳಿ ಅಳುತ್ತಾನೆ, ಊರಿಗೆ ಬಂದು ರಾತ್ರಿಯಲ್ಲಿ ಗೋಡೆ ನೋಡುತ್ತಾನೆ. ಪರದೇಶದಿಂದ ಬಂದ ಕಣ್ಣಿಗೆ ಮೊದಲು ಕಾಣಿಸಿದ್ದು ಬಿದ್ದ ಗೋಡೆ. ಹೊಲಗಳನ್ನು ಒತ್ತೆಯಿಟ್ಟು ಮಕ್ಕಳನ್ನು ಜೀತಕ್ಕೆ ಕಳುಹಿಸಿದವರ ಗೋಳು ಕೇಳಿಸುವುದು 5ನೆಯ ಅಧ್ಯಾಯದಲ್ಲಿ, ಅದೂ ಗಂಡಸರೂ ಹೆಂಗಸರೂ ತಾವಾಗಿ ಕೂಗಿದ ಮೇಲೆ. ಅವನು ಸಿರಿವಂತರನ್ನು ಖಂಡಿಸುತ್ತಾನೆ. ಹತ್ತನೆಯ ವಚನದಲ್ಲಿ ತಾನೂ ತನ್ನ ಬಳಗವೂ ಅದೇ ಜನಕ್ಕೆ ಹಣ, ಧಾನ್ಯಗಳನ್ನು ಸಾಲ ಕೊಟ್ಟಿರುವುದಾಗಿ ನುಡಿಯುತ್ತಾನೆ.

ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅಂದಿನಿಂದ ಆ ಲೈನುಗಳ ಮಕ್ಕಳು ನಸುಕಿನಲ್ಲಿ ಮಾರಿಕುಪ್ಪಂನ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬೆಂಗಳೂರಿನಲ್ಲಿ ಅವರು ಗುಡಿಸಿ ತೊಳೆಯುವ ಕಟ್ಟಡಗಳಲ್ಲಿ ನಮ್ಮ ಶಾಲೆ, ಆಸ್ಪತ್ರೆ, ಗುರುಮಠಗಳೂ ಇರಬಹುದು. ಅವರಿಗೆ ನಾವು ಕೊಡುವ ಸಂಬಳವೆಷ್ಟು, ಗುತ್ತಿಗೆದಾರನ ಮೂಲಕ ಕೊಡುತ್ತೇವೆಯೋ ನೇರವಾಗಿಯೋ ಎಂಬ ಲೆಕ್ಕ ನೆಹೆಮೀಯನ ಹತ್ತನೆಯ ವಚನದ ವ್ಯಾಖ್ಯಾನಕ್ಕೆ ಸೇರಿದ್ದು. ಲೆಕ್ಕದ ಪುಸ್ತಕ ಗುರುಮಠದ ಕಚೇರಿಯಲ್ಲೇ ಇದೆ.