ಹತ್ತು, ಬಿಡು, ಒಗಿ

‘ಗಿವ್’ ಗೊತ್ತು, ‘ಅಪ್’ ಗೊತ್ತು. ಎರಡೂ ಕೂಡಿ ‘ಗಿವ್ ಅಪ್’ ಆದರೆ ಸೋತು ಕೈಬಿಡುವುದು ಎಂಬ ಅರ್ಥ ಎಲ್ಲಿಂದ ಬಂತು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ವಿಜಯಪುರಕ್ಕೆ ಬಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳನ್ನು ಕಾಡುವ ಪ್ರಶ್ನೆ ಇದು. ಅವರನ್ನಷ್ಟೇ ಅಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯಲ್ ಜಾನ್ಸನ್, ಹೊರಗಿನವರಿಗೆ ಅತ್ಯಂತ ತೊಡಕಾಗುವುದು ಇಂಥ ಜೋಡಣೆಗಳೇ ಎಂದು ಮುನ್ನುಡಿಯಲ್ಲಿ ಹೇಳಿ, ಅವನ್ನು ಕಾಳಜಿಯಿಂದ ಕಲೆಹಾಕಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಹಬ್ಬಿದ್ದು ಮಾತ್ರ ಬಹಳ ತಡವಾಗಿ, ಲೋಗನ್ ಪಿಯರ್ಸಲ್ ಸ್ಮಿತ್‌ನ 1925ರ ಪುಸ್ತಕದ ನಂತರ.

ಗೈಡುಗಳು ಉದ್ದನೆಯ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎನ್ನುತ್ತವೆ. ಇದು ಪಟ್ಟಿಯಿಂದ ಬರುವ ವಿದ್ಯೆಯಲ್ಲ ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ಮೊದಲು ಜೋಡಣೆಯ ಒಳಗನ್ನು ನೋಡಬೇಕು, ಆಮೇಲೆ ನಮ್ಮ ಮನೆಯ ಮಾತಿನಲ್ಲಿ ಅದರ ಜೊತೆಗಾರನನ್ನು ಹುಡುಕಬೇಕು.

ಒಳಗನ್ನು ನೋಡಲು ಎರಡು ವಾಕ್ಯ ಸಾಕು. ‘ಹೀ ರ್‍ಯಾನ್ ಅಪ್ ದ ಹಿಲ್.’ ‘ಹೀ ರ್‍ಯಾನ್ ಅಪ್ ದ ಬಿಲ್.’ ಒಂದಕ್ಷರ ಬಿಟ್ಟರೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ‘ಅಪ್’ ಗುಡ್ಡದ ಕಡೆಗೆ ಸೇರಿದೆ. ಎತ್ತ ಓಡಿದ ಎಂದು ಕೇಳಿದರೆ ‘ಅಪ್ ದ ಹಿಲ್’ ಎಂಬ ಇಡೀ ತುಂಡು ಉತ್ತರವಾಗಿ ಬರುತ್ತದೆ. ಎರಡನೆಯದರಲ್ಲಿ ಅದೇ ‘ಅಪ್’ ಓಟದ ಕಡೆಗೆ ವಾಲಿದೆ. ‘ರ್‍ಯಾನ್ ಅಪ್’ ಎಂಬುದೇ ಒಂದು ಕ್ರಿಯೆ, ಬಾಕಿ ಬೆಳೆಸುವುದು. ಗುಮಾನಿ ಇದ್ದರೆ ಸರಿಸಿ ನೋಡಿ. ‘ರ್‍ಯಾನ್ ದ ಬಿಲ್ ಅಪ್’ ಎನ್ನಬಹುದು, ‘ರ್‍ಯಾನ್ ದ ಹಿಲ್ ಅಪ್’ ಎಂದರೆ ಯಾವ ಇಂಗ್ಲಿಷಿನವನೂ ಒಪ್ಪುವುದಿಲ್ಲ. ‘ಇಟ್’ ತಂದಿಟ್ಟರೆ ಇನ್ನೂ ನಿಚ್ಚಳ. ಬಿಲ್ಲಿಗೆ ‘ರ್‍ಯಾನ್ ಇಟ್ ಅಪ್’, ಗುಡ್ಡಕ್ಕೆ ‘ರ್‍ಯಾನ್ ಅಪ್ ಇಟ್’. ಮೊದಲನೆಯ ‘ಅಪ್’ ನಾಮಪದವನ್ನು ಹಿಡಿದುಕೊಂಡ ಪ್ರಿಪೊಸಿಷನ್, ಎರಡನೆಯದು ಕ್ರಿಯಾಪದಕ್ಕೆ ಅಂಟಿಕೊಂಡ ಅಡ್ವರ್ಬ್. ‘ಲುಕ್ ಆಫ್ಟರ್ ಹಿಮ್’ ಎನ್ನಬೇಕು, ‘ಲುಕ್ ಹಿಮ್ ಆಫ್ಟರ್’ ಎನ್ನಬಾರದು, ಆದರೆ ನಿಘಂಟಿನಲ್ಲಿ ಪದ ಹುಡುಕುವಾಗ ‘ಲುಕ್ ಇಟ್ ಅಪ್’ ಎಂದೇ ಹೇಳಬೇಕು ಎಂಬ ತಂಟೆಯೂ ಇದೊಂದರಿಂದ ಬಗೆಹರಿಯುತ್ತದೆ. ಇಷ್ಟು ಸಣ್ಣ ಪದ ಹೀಗೆ ಪಕ್ಷ ಬದಲಿಸುವುದನ್ನು ನೋಡುವುದು ನನಗೆ ಎಂದೂ ಬೇಸರ ತರದ ಸುಖ.

ನಮ್ಮಲ್ಲಿ ಇದೇ ಮಾತು ಹೇಗೆ? ಗುಡ್ಡ ಹತ್ತಿದ, ಬಾಕಿ ಏರಿಸಿದ. ಮೇಲಕ್ಕೆ ಎಂಬುದು ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಹತ್ರಿ, ಇಳೀರಿ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಗೆಟ್’ ಒಂದೇ, ದಿಕ್ಕು ತೋರಿಸುವವು ‘ಆನ್’, ‘ಆಫ್’. ದಿಕ್ಕನ್ನು ಕ್ರಿಯಾಪದದ ಒಳಗೆ ಇಡುವ ಭಾಷೆಗಳು ಒಂದು ಬಗೆ, ಹೊರಗಿನ ತುಣುಕಿಗೆ ವಹಿಸುವ ಭಾಷೆಗಳು ಇನ್ನೊಂದು ಬಗೆ ಎಂದು ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ವಿಂಗಡಿಸಿದ್ದಾರೆ. ಹತ್ತು, ಇಳಿ, ಹೊಗು, ದಾಟು ಎನ್ನುವ ನಾವು ಬಹುಮಟ್ಟಿಗೆ ಮೊದಲ ಬಗೆಯವರು.

ಹಾಗಂತ ಹೊರಗಿನ ತುಣುಕು ನಮಗೆ ಪರಕೀಯವೇನಲ್ಲ. ಮಳೆಗಾಲದಲ್ಲಿ ಈ ಸೀಮೆಯ ಜನ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಆಲಮಟ್ಟಿಯ ಮಟ್ಟ. 519.60 ಮೀಟರ್ ಗರಿಷ್ಠ, ಇಂದು ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಹರಿಯುವುದಕ್ಕೆ ‘ಒಳ’, ‘ಹೊರ’ ಎಡಗಡೆ ಕೂತಿವೆ. ಇಂಗ್ಲಿಷ್ ಬುಲೆಟಿನ್ನಿನಲ್ಲಿಯೂ ‘ಇನ್‌ಫ್ಲೋ’, ‘ಔಟ್‌ಫ್ಲೋ’ ಎಂದೇ ಇರುತ್ತದೆ, ಆದರೆ ಕ್ರಿಯೆಯಾಗಿ ಹೇಳುವಾಗ ‘ಫ್ಲೋಸ್ ಇನ್’, ‘ಫ್ಲೋಸ್ ಔಟ್’. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ತುಣುಕುಗಳು ಎಷ್ಟೋ ಕಡೆ ಕ್ರಿಯಾಪದದ ಎಡಕ್ಕೇ ಇರುತ್ತಿದ್ದವು, ಬರಬರುತ್ತ ಬಲಕ್ಕೆ ಸರಿದವು. ‘ಇನ್‌ಕಮ್’, ‘ಔಟ್‌ಕಮ್’, ‘ಔಟ್‌ಲುಕ್’ ತರದ ನಾಮಪದಗಳಲ್ಲಿ ಆ ಹಳೆಯ ಸಾಲು ಉಳಿದಿದೆ. ‘ಬ್ರಿಂಗ್ ಅಪ್’ ಬಲ್ಲವನಿಗೆ ‘ಅಪ್‌ಬ್ರಿಂಗಿಂಗ್’ ಬೇರೆ ಪಾಠವಲ್ಲ.

ಈಗ ನಮ್ಮ ಸೀಮೆಯ ‘ಹತ್ತು’ ತೆಗೆದುಕೊಳ್ಳಿ. ನನಗೆ ಅಚ್ಚುಮೆಚ್ಚಿನ ಕ್ರಿಯಾಪದ ಇದು. ಬಸ್ ಹತ್ತಿದ. ಒಲಿ ಹತ್ತಿತು. ಹುಚ್ಚ ಹತ್ತೇತಿ. ಕಳ್ಳನ ಬೆನ್ನ ಹತ್ತಿದ್ರು. ಮುದ್ದೇಬಿಹಾಳಕ್ಕ ಹೋಗಾಕ ಎಷ್ಟ ಹೊತ್ತ ಹತ್ತತೈತಿ? ಕಡೆಗೆ, ಬೇರೆ ಕ್ರಿಯೆಯ ಬಾಲಕ್ಕೂ ಅದೇ ಬಂದು ಕೂತಿದೆ: ಮಳಿ ಬರಾಕತ್ತೈತಿ, ಏನ ಮಾಡಾಕತ್ತೀರಿ? ಏರುವುದು, ಉರಿಯುವುದು, ಹಿಂಬಾಲಿಸುವುದು, ಕಾಲ ಹಿಡಿಯುವುದು, ನಡೆಯುತ್ತಿರುವುದು. ಎಡಗಡೆ ಯಾರು ನಿಂತಿದ್ದಾರೆ ಎಂಬುದರ ಮೇಲೆ ಅರ್ಥ. ‘ಕೈ’ ಕೂಡ ಹಾಗೇ. ಕೈ ಕೊಟ್ಟ ಎಂದರೆ ಮೋಸ, ಕೈ ಬಿಟ್ಟ ಎಂದರೆ ತೊರೆದ, ಕೈ ಮಾಡಿದ ಎಂದರೆ ಹೊಡೆದ, ಕೈ ಹಚ್ಚಿದ ಎಂದರೆ ಕೆಲಸ ಶುರುಮಾಡಿದ. ಇದನ್ನು ಯಾರೂ ಪಟ್ಟಿ ಬರೆದು ಕಲಿತಿಲ್ಲ. ‘ಲೆಟ್ ಡೌನ್’, ‘ಗಿವ್ ಅಪ್’ ಇಲ್ಲಿಯವರಿಗೆ ಹೊಸ ಬಗೆಯ ಕಷ್ಟವಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

‘ಅಪ್’ ಎಂದೊಡನೆ ‘ಮ್ಯಾಲೆ’ ಎಂದು ಕೊಡುವುದೇ ಪಾಠ ಕೆಡುವ ಜಾಗ. ‘ದ ರಿವರ್ ಡ್ರೈಡ್ ಅಪ್’ ಎಂಬಲ್ಲಿ ಏನೂ ಮೇಲೆ ಹೋಗಿಲ್ಲ. ಬೇಸಿಗೆಯಲ್ಲಿ ಭೀಮಾ ದಂಡೆಯವರು ಹೊಳಿ ‘ಬತ್ತಿ ಹೋತು’ ಎನ್ನುತ್ತಾರಲ್ಲ, ಅಲ್ಲಿಯೂ ಹೊಳೆ ಎಲ್ಲಿಗೂ ಹೋಗಿಲ್ಲ. ಕ್ರಿಯೆ ಪೂರಾ ಮುಗಿಯಿತು ಎಂಬುದಷ್ಟೇ ಆ ‘ಹೋತು’ ಹೇಳುವ ಮಾತು, ಆ ‘ಅಪ್’ ಹೇಳುವುದೂ ಅದನ್ನೇ. ‘ಈಟ್ ಅಪ್’ ಎಂದರೆ ತಿಂದ ಹಾಕು. ‘ಫಿನಿಶ್ ಆಫ್’ ಎಂದರೆ ಮುಗಿಸಿ ಒಗಿ. ‘ಬಿಡು’, ‘ಹಾಕು’, ‘ಒಗಿ’, ‘ಹೋಗು’ ಇವು ತಮ್ಮ ಮೂಲ ಅರ್ಥವನ್ನು ಅರ್ಧ ಕಳಚಿಟ್ಟು ಇನ್ನೊಂದರ ಸೇವೆಗೆ ನಿಂತ ಕ್ರಿಯಾಪದಗಳು. ಇಂಗ್ಲಿಷಿನ ‘ಅಪ್’, ‘ಆಫ್’, ‘ಔಟ್’ಗಳ ಸರಿಜೋಡಿ ಇವೇ ಹೊರತು ‘ಮೇಲೆ’, ‘ಹೊರಗೆ’ ಅಲ್ಲ. ‘ಶಟ್ ಅಪ್’ಗೆ ನಮ್ಮ ‘ಗಪ್ಪ ಕುಂದ್ರು’ ಇದೆ. ನಿಂತವನಿಗೂ, ನಡೆದು ಹೋಗುವವನಿಗೂ ಗಪ್ಪ ಕುಂದ್ರು ಎನ್ನಬಹುದು, ಅವನು ಕೂಡ್ರಬೇಕಿಲ್ಲ.

‘ಗಪ್ಪ’ದ ಮಾತು ಬಂದದ್ದರಿಂದ, ಅಂಥ ರೂಪ ಬದಲಿಸದ ಪದಗಳ, ಅಂದರೆ ಅವ್ಯಯಗಳ, ಬಗ್ಗೆ ಒಂದು ಸಂಗತಿ. 13ನೆಯ ಶತಮಾನದ ಕೇಶಿರಾಜ ತನ್ನ ಕನ್ನಡ ವ್ಯಾಕರಣ ಶಬ್ದಮಣಿದರ್ಪಣದ ಕೊನೆಯ ಪ್ರಕರಣವನ್ನೇ ಅವಕ್ಕೆ ಮೀಸಲಿಟ್ಟ. ದಪ್ಪನೆ ಬಿದ್ದ, ಝಟ್ಟನೆ ಎದ್ದ, ಸರ್ರನೆ ಸರಿದ ಎನ್ನುವಾಗ ನಾವು ಒಂದು ಸದ್ದಿನಲ್ಲಿ ಮುಗಿಸುವುದಕ್ಕೆ ಇಂಗ್ಲಿಷ್ ಹಲವು ಸಲ ಬೇರೆ ಕ್ರಿಯಾಪದವನ್ನೇ ತರಬೇಕಾಗುತ್ತದೆ. ಈ ಸಂಪತ್ತಿನ ರುಚಿ ನೋಡಬೇಕೆನ್ನುವವರು ಹಲಸಂಗಿ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ ತೆರೆಯಲಿ. ಆಗಿನ ಇಂಡಿ ತಾಲೂಕಿನ ಒಂದು ಹಳ್ಳಿಯಿಂದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಒಡನಾಡಿಗಳು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡದ್ದು. ಇಂಗ್ಲಿಷ್ ಕಲಿಸುವ ಮೇಷ್ಟ್ರ ಮೇಜಿನ ಮೇಲೂ ಅದು ಇರಬೇಕು ಎಂಬುದು ನನ್ನ ಮನಃಪೂರ್ವಕ ಆಸೆ.

ಅತಿ ಕಷ್ಟ ಎನ್ನಿಸಿಕೊಂಡ ಮೂರು ತುಂಡಿನವಕ್ಕೂ ಮನೆಯಲ್ಲಿ ಜೋಡಿ ಸಿಗುತ್ತದೆ. ‘ಪುಟ್ ಅಪ್ ವಿತ್’ ಎಂದರೆ ತಡ್ಕೊಂಡು ಹೋಗು, ‘ಗೆಟ್ ಅಲಾಂಗ್ ವಿತ್’ ಎಂದರೆ ಹೊಂದ್ಕೊಂಡು ಹೋಗು. ತಡೆ, ಕೊಂಡು, ಹೋಗು ಎಂದು ಬಿಡಿಸಿದರೆ ನಮ್ಮದೂ ಮೂರೇ. ಆದರೆ ಇಲ್ಲಿ ಜೋಡಿ ಪೂರ್ತಿ ಕೂಡುವುದಿಲ್ಲ, ಅದನ್ನೂ ಮಕ್ಕಳಿಗೆ ಬಿಡಿಸಿ ಹೇಳಬೇಕು. ಅವರ ‘ಅಲಾಂಗ್’ ಕ್ರಿಯೆಗೆ ಅಂಟಿದ ಅಡ್ವರ್ಬ್, ‘ವಿತ್’ ಮಾತ್ರ ಮುಂದೆ ಬರುವ ವ್ಯಕ್ತಿಯನ್ನು ಹಿಡಿಯುವ ಪ್ರಿಪೊಸಿಷನ್. ನಮ್ಮಲ್ಲಿ ಆ ಎರಡನೆಯ ಕೆಲಸ ಮಾಡುವುದು ‘ಹೋಗು’ ಅಲ್ಲ. ‘ಅತ್ತಿ ಕೂಡ ಹೊಂದ್ಕೊಂಡು ಹೋಗವಾ’ ಎಂದು ತಾಯಿ ಮಗಳಿಗೆ ಹೇಳುವಾಗ ಅದನ್ನು ಮಾಡುವುದು ಅತ್ತೆಯ ಬೆನ್ನಿಗೇ ನಿಂತ ‘ಕೂಡ’.